ಜಾವಾ ಸೆಟಪ್: ಕರೆದಾಗ ಓಗೊಡುವ ಜಾವಾ ಯಾವುದು?

"ಅಕ್ಕಾ, ಜಾವಾ ಇನ್‌ಸ್ಟಾಲ್ ಮಾಡಿದೀನಿ. ಆದ್ರೂ ಇಲ್ಲ ಅಂತಿದೆ."

ಚಿಕ್ಕಮ್ಮನ ಮಗಳು ತುಮಕೂರಿನಿಂದ ಫೋನ್ ಮಾಡಿದ್ದಳು. ಇಂಜಿನಿಯರಿಂಗ್ ಮೂರನೇ ಸೆಮಿಸ್ಟರ್. ಮರುದಿನ ಮೊದಲ ಜಾವಾ ಲ್ಯಾಬ್. ಲ್ಯಾಪ್‌ಟಾಪ್ ಚಿಕ್ಕಪ್ಪನದು, ಮೊದಲು ಆಫೀಸ್ ಕೆಲಸಕ್ಕೆ ಬಳಸುತ್ತಿದ್ದದ್ದು. ಒಂದು ಕಮಾಂಡ್ ಹೇಳಿದೆ, ಅವಳು ಟೈಪ್ ಮಾಡಿದಳು. ಒಂದಲ್ಲ, ಮೂರು ಜಾವಾ ಕಂಡವು. ಡಿಜಿಟಲ್ ಸಹಿಗೆ ಅಂತ ಚಿಕ್ಕಪ್ಪ ಯಾವತ್ತೋ ಹಾಕಿಸಿದ್ದ ಜಾವಾ 8 ಒಂದು. ಅವಳು ಹಿಂದಿನ ದಿನ ಹಾಕಿದ್ದು ಒಂದು. ಅದು ಕೆಲಸ ಮಾಡಲಿಲ್ಲ ಅಂತ ಅದೇ ಸಂಜೆ ಹಾಕಿದ್ದು ಇನ್ನೊಂದು. ಕರೆದಾಗ ಓಗೊಡುತ್ತಿದ್ದದ್ದು ಆ ಹಳೆಯ ಜಾವಾ 8.

ನಾನು ಜಾವಾದಲ್ಲೇ ಕೆಲಸ ಮಾಡುವವಳು. ಹೊಸಬರಿಗೆ ಸೆಟಪ್ ಮಾಡಿಕೊಟ್ಟು ಅಭ್ಯಾಸವಿದೆ. ಬರುವ ತೊಂದರೆಗಳಲ್ಲಿ ಮುಕ್ಕಾಲು ಪಾಲು ಈ ಒಂದೇ ಪ್ರಶ್ನೆಗೆ ಬಂದು ನಿಲ್ಲುತ್ತವೆ: ಈಗ ಓಗೊಟ್ಟ ಜಾವಾ ಯಾವುದು? ಟರ್ಮಿನಲ್‌ಗೆ (ಕಮಾಂಡ್ ಟೈಪ್ ಮಾಡುವ ಕಿಟಕಿ) ಒಂದು ಜಾವಾ, ಐಡಿಇಗೆ (ಕೋಡ್ ಬರೆದು ಓಡಿಸುವ ಆ್ಯಪ್) ಇನ್ನೊಂದು, ಮಾವೆನ್‌ಗೆ (ಬೇರೆಯವರು ಬರೆದ ಕೋಡ್ ತಂದುಕೊಡುವ ಟೂಲ್) ಮತ್ತೊಂದು ಇರಬಹುದು. ಪ್ರತಿ ಹಂತದಲ್ಲೂ ಇದನ್ನು ಕೇಳಿ ನೋಡಿಕೊಂಡೇ ಮುಂದಕ್ಕೆ ಹೋಗಿ. ಈ ಮಾರ್ಗದರ್ಶಿಯನ್ನೂ ಹಾಗೆಯೇ ಬರೆದಿದ್ದೇನೆ.

ಒಂದು ಸೂಚನೆ. ಕಮಾಂಡ್‌ಗಳನ್ನು ಫೋನಿನಲ್ಲಿ ಹೇಳಿಕೊಡುವ ಹಾಗೆ ಕನ್ನಡ ಅಕ್ಷರದಲ್ಲೇ ಕೊಟ್ಟಿದ್ದೇನೆ. ನೀವು ಇಂಗ್ಲಿಷ್‌ನಲ್ಲಿ ಟೈಪ್ ಮಾಡಿ. ನಾನು ಬೇರೆ ಹೇಳದಿದ್ದರೆ ಎಲ್ಲವೂ ಸಣ್ಣಕ್ಷರ. ಹೈಫನ್, ಪರ್ಸೆಂಟ್, ಸ್ಪೇಸ್ ಇವೆಲ್ಲ ಇಲ್ಲಿ ಇದ್ದ ಹಾಗೆಯೇ ಇರಲಿ.

ಮೊದಲು ಮೂರು ಹೆಸರು

ಜೆವಿಎಂ, ಜೆಆರ್‌ಇ, ಜೆಡಿಕೆ. ಜೆವಿಎಂ ಅಂದರೆ ನಿಮ್ಮ ಪ್ರೋಗ್ರಾಂ ಓಡಿಸುವ ಯಂತ್ರ. ಅದರ ಜೊತೆಗೆ ಬೇಕಾದ ಲೈಬ್ರರಿಗಳನ್ನು (ಮೊದಲೇ ಬರೆದಿಟ್ಟ ಕೋಡ್) ಸೇರಿಸಿದರೆ ಜೆಆರ್‌ಇ. ಬೇರೆಯವರು ಬರೆದ ಜಾವಾ ಪ್ರೋಗ್ರಾಂ ಓಡಿಸಲು ಇಷ್ಟು ಸಾಕು. ನೀವೇ ಬರೆಯಬೇಕು ಅಂದರೆ, ಬರೆದ ಕೋಡನ್ನು ಜೆವಿಎಂ ಓದುವ ರೂಪಕ್ಕೆ ಬದಲಿಸುವ ಕಂಪೈಲರ್ ಬೇಕು. ಅದು ಇರುವುದು ಜೆಡಿಕೆಯಲ್ಲಿ. ಕಂಪೈಲರ್‌ನ ಹೆಸರು ಜಾವಾಸಿ. ಜಾವಾ ಪದಕ್ಕೆ ಸಿ ಅಕ್ಷರ ಅಂಟಿಕೊಂಡಿರುತ್ತದೆ, ಮಧ್ಯೆ ಜಾಗ ಇಲ್ಲ.

'ಜಾವಾ ಓಡುತ್ತೆ, ಜಾವಾಸಿ ಮಾತ್ರ ಇಲ್ಲ ಅನ್ನುತ್ತೆ' ಅನ್ನುವವರ ಹತ್ತಿರ ಸಾಮಾನ್ಯವಾಗಿ ಜೆಆರ್‌ಇ ಮಾತ್ರ ಇರುತ್ತದೆ. ನಮಗೆ ಬೇಕಾದದ್ದು ಜೆಡಿಕೆ. ಅದರೊಳಗೆ ಉಳಿದೆರಡೂ ಬರುತ್ತವೆ.

ಯಾವ ವರ್ಷನ್, ಯಾರದು?

2018ರಿಂದ ಆರು ತಿಂಗಳಿಗೊಮ್ಮೆ, ಮಾರ್ಚ್ ಮತ್ತು ಸೆಪ್ಟೆಂಬರ್‌ನಲ್ಲಿ, ಹೊಸ ಜಾವಾ ಬರುತ್ತದೆ. ಎಲ್ಲದರ ಹಿಂದೆ ಓಡಬೇಕಾಗಿಲ್ಲ. ಕೆಲವಕ್ಕೆ ಮಾತ್ರ ವರ್ಷಗಟ್ಟಲೆ ರಿಪೇರಿ, ಭದ್ರತೆಯ ಅಪ್‌ಡೇಟ್ ಸಿಗುತ್ತದೆ. ಅವನ್ನು ಎಲ್‌ಟಿಎಸ್ ಅನ್ನುತ್ತಾರೆ. 2014ರ 8, 2018ರ 11, 2021ರ 17, 2023ರ 21, 2025ರ 25 ಈ ಸಾಲಿಗೆ ಸೇರಿದವು.

ಕಾಲೇಜಿನಲ್ಲೋ ಕಂಪನಿಯಲ್ಲೋ ಇಂಥದ್ದೇ ಅಂತ ಹೇಳಿದ್ದರೆ ಅದನ್ನೇ ಹಾಕಿ. ಹೇಳಿಲ್ಲ ಅಂದರೆ ನಾನು 21 ಹಾಕಿಸುತ್ತೇನೆ. ಚಾಲ್ತಿಯಲ್ಲಿರುವ ಲೈಬ್ರರಿಗಳು, ಟೂಲ್‌ಗಳು ಅದರ ಜೊತೆ ಚೆನ್ನಾಗಿ ಹೊಂದಿಕೊಂಡಿವೆ. 25 ಹಾಕಿದರೂ ಇಲ್ಲಿನ ಹಂತಗಳು ಬದಲಾಗುವುದಿಲ್ಲ. ಹೊಸದಾಗಿ ಕಲಿಯುವವರು 8 ಮಾತ್ರ ಹಾಕಬೇಡಿ. ಮುಂದೆ ವೆಬ್ ಆ್ಯಪ್ ಕಟ್ಟಲು ಸ್ಪ್ರಿಂಗ್ ಬೂಟ್ ಕಲಿಯುತ್ತೀರಿ ಅಲ್ವಾ? ಅದರ 3ನೇ ವರ್ಷನ್‌ಗೆ ಕನಿಷ್ಠ ಜಾವಾ 17 ಬೇಕು.

ಇನ್ನು, ಯಾರದು ಅನ್ನುವ ಪ್ರಶ್ನೆ. ಜಾವಾವನ್ನು ಮೊದಲು ಮಾಡಿದ್ದು ಸನ್ ಮೈಕ್ರೋಸಿಸ್ಟಮ್ಸ್. 2010ರಲ್ಲಿ ಸನ್ ಕಂಪನಿಯನ್ನೇ ಒರಾಕಲ್ ಕೊಂಡಿತು. ಆದರೆ ಮೂಲ ಕೋಡ್ ಓಪನ್‌ಜೆಡಿಕೆ ಹೆಸರಿನಲ್ಲಿ ಎಲ್ಲರಿಗೂ ತೆರೆದಿದೆ. ಅದರಿಂದ ಹಲವರು ತಮ್ಮ ತಮ್ಮ ಜೆಡಿಕೆ ಕಟ್ಟಿ ಕೊಡುತ್ತಾರೆ: ಅಮೆಜಾನ್‌ನ ಕೊರೆಟ್ಟೊ, ಅಜುಲ್‌ನ ಜುಲು, ಮೈಕ್ರೋಸಾಫ್ಟ್‌ನದು, ಎಕ್ಲಿಪ್ಸ್ ಫೌಂಡೇಶನ್‌ನ ಟೆಮುರಿನ್. ಕಲಿಯುವವರಿಗೆ ಇವುಗಳಲ್ಲಿ ವ್ಯತ್ಯಾಸ ಗೊತ್ತೇ ಆಗುವುದಿಲ್ಲ. ಒರಾಕಲ್‌ನ ಜೆಡಿಕೆಗೆ ಕಂಪನಿ ಬಳಕೆಯಲ್ಲಿ ಲೈಸೆನ್ಸ್ ಷರತ್ತುಗಳಿವೆ, ವರ್ಷನ್‌ನಿಂದ ವರ್ಷನ್‌ಗೆ ಅವು ಬದಲಾಗಿವೆ. ಟೆಮುರಿನ್‌ನಲ್ಲಿ ಆ ತಲೆನೋವು ಇಲ್ಲ. ಅದಕ್ಕೇ ನಾನು ಅದನ್ನೇ ಹೇಳುತ್ತೇನೆ. ಅಡಾಪ್ಟಿಯಂ ಅನ್ನುವ ತಾಣದಲ್ಲಿ ಉಚಿತವಾಗಿ ಸಿಗುತ್ತದೆ.

ಹಾಕುವ ಮೊದಲು ಏನಿದೆ ನೋಡಿ

ವಿಂಡೋಸ್‌ನಲ್ಲಿ ಸ್ಟಾರ್ಟ್ ಒತ್ತಿ, ಸಿಎಂಡಿ ಅಂತ ಟೈಪ್ ಮಾಡಿ, ಕಮಾಂಡ್ ಪ್ರಾಂಪ್ಟ್ ತೆರೆಯಿರಿ. ಈ ಎರಡು ಕೊಡಿ:

ಜಾವಾ -ವರ್ಷನ್

ವೇರ್ ಜಾವಾ

ಮೊದಲನೆಯದು, ಓಗೊಟ್ಟ ಜಾವಾದ ವರ್ಷನ್ ಹೇಳುತ್ತದೆ. ಒಂದೇ ಹೈಫನ್ ಹಾಕಿ. ಎರಡು ಹೈಫನ್ನಿನದು ಜಾವಾ 9ರಿಂದ ಈಚೆಗೆ ಬಂದದ್ದು, ಹಳೆಯ 8ಕ್ಕೆ ಅದು ಅರ್ಥವಾಗುವುದಿಲ್ಲ. ಎರಡನೆಯದು ಇನ್ನೂ ಮುಖ್ಯ. ಪಾತ್‌ನಲ್ಲಿ (ವಿಂಡೋಸ್ ಪ್ರೋಗ್ರಾಂ ಹುಡುಕುವ ಫೋಲ್ಡರ್‌ಗಳ ಪಟ್ಟಿ) ಸಿಗುವ ಎಲ್ಲ ಜಾವಾಗಳ ಜಾಗವನ್ನು ಸಾಲಾಗಿ ತೋರಿಸುತ್ತದೆ. ಮೇಲಿನ ಸಾಲಿನಲ್ಲಿ ಇರುವುದೇ ಓಗೊಡುವುದು. ತಂಗಿಯ ಲ್ಯಾಪ್‌ಟಾಪ್‌ನಲ್ಲಿ ಮೇಲಿನ ಸಾಲು 'ಕಾಮನ್ ಫೈಲ್ಸ್' ಒಳಗಿನ ಒರಾಕಲ್ ಫೋಲ್ಡರ್‌ನದು, ಕೊನೆಗೆ 'ಜಾವಾಪಾತ್' ಅಂತ ಇತ್ತು. ಒರಾಕಲ್‌ನ ಇನ್‌ಸ್ಟಾಲರ್ ಆ ದಾರಿಯನ್ನು ಪಾತ್‌ನ ಮುಂಭಾಗಕ್ಕೆ ಸೇರಿಸುತ್ತದೆ. ಆಮೇಲೆ ಅದರ ಹಿಂದೆ ಎಷ್ಟು ಹೊಸ ಜಾವಾ ಸೇರಿಸಿದರೂ ಸರದಿ ಅವುಗಳ ತನಕ ಬರುವುದಿಲ್ಲ.

ಬೇಡದ ಹಳೆಯವನ್ನು ಸೆಟ್ಟಿಂಗ್ಸ್, ಆ್ಯಪ್ಸ್ ಒಳಗೆ ಹೋಗಿ ಅನ್‌ಇನ್‌ಸ್ಟಾಲ್ ಮಾಡಿ. ಆದರೆ ಮನೆಯವರ ಲ್ಯಾಪ್‌ಟಾಪ್ ಆದರೆ ಕೇಳಿ ತೆಗೆಯಿರಿ. ಚಿಕ್ಕಪ್ಪನಿಗೆ ಆ ಜಾವಾ 8 ಇನ್ನೂ ಬೇಕಿತ್ತು. ಹಾಗಾಗಿ ತೆಗೆಯಲಿಲ್ಲ, ಸಾಲಿನಲ್ಲಿ ಕೆಳಗೆ ಇಳಿಸಿದೆವು. ಅದು ಹೇಗೆ ಅಂತ ಮುಂದೆ ಬರುತ್ತದೆ.

ವಿಂಡೋಸ್‌ನಲ್ಲಿ ಹಾಕುವುದು

ಟೆಮುರಿನ್ 21, ಜೆಡಿಕೆ, ವಿಂಡೋಸ್, ಎಕ್ಸ್64, ಎಂಎಸ್‌ಐ ಇವನ್ನು ಆರಿಸಿ ಡೌನ್‌ಲೋಡ್ ಮಾಡಿ. ಸುಮಾರು 150ರಿಂದ 200 ಎಂಬಿ ಇರುತ್ತದೆ. ಇಂಟೆಲ್ ಅಥವಾ ಎಎಂಡಿ ಲ್ಯಾಪ್‌ಟಾಪ್‌ಗಳಿಗೆ ಎಕ್ಸ್64 ಸರಿ. ಸ್ನಾಪ್‌ಡ್ರಾಗನ್ ಚಿಪ್ ಇರುವ ಹೊಸ ಲ್ಯಾಪ್‌ಟಾಪ್ ಆದರೆ ಎಎಆರ್ಚ್64 ನೋಡಿ.

ಫೈಲ್ ತೆರೆದ ಮೇಲೆ ಸುಮ್ನೆ ನೆಕ್ಸ್ಟ್, ನೆಕ್ಸ್ಟ್ ಒತ್ತಬೇಡಿ. ಕಸ್ಟಮ್ ಸೆಟಪ್ ಅನ್ನುವ ಪರದೆಯಲ್ಲಿ ನಿಲ್ಲಿ. ಅಲ್ಲಿ ಗಿಡದ ಕೊಂಬೆಯ ಹಾಗೆ ಒಂದು ಪಟ್ಟಿ ಇರುತ್ತದೆ. 'ಪಾತ್‌ಗೆ ಸೇರಿಸು' ಅನ್ನುವುದು ಮೊದಲೇ ಆನ್ ಇರುತ್ತದೆ. 'ಜಾವಾ ಹೋಮ್ ವೇರಿಯಬಲ್ ಹೊಂದಿಸು' ಅನ್ನುವುದರ ಪಕ್ಕದಲ್ಲಿ ಸಣ್ಣ ಕೆಂಪು ಕ್ರಾಸ್ ಕಾಣುತ್ತದೆ. ಅಂದರೆ ಅದು ಆಫ್ (ಜೆಡಿಕೆ ಯಾವ ಫೋಲ್ಡರ್‌ನಲ್ಲಿದೆ ಅಂತ ಬೇರೆ ಟೂಲ್‌ಗಳಿಗೆ ಹೇಳುವ ಸೆಟ್ಟಿಂಗ್ ಇದು). ಅದರ ಮೇಲೆ ಕ್ಲಿಕ್ ಮಾಡಿ, ಹಾರ್ಡ್ ಡ್ರೈವ್‌ನಲ್ಲಿ ಇನ್‌ಸ್ಟಾಲ್ ಆಗಲಿ ಅನ್ನುವ ಆಯ್ಕೆ ಕೊಡಿ. ಕೆಂಪು ಕ್ರಾಸ್ ಹೋಗಬೇಕು. ಈ ಒಂದು ಕ್ಲಿಕ್ಕು ಮಾವೆನ್ ಹಾಕುವ ದಿನ ನಿಮ್ಮ ಒಂದು ಗಂಟೆ ಉಳಿಸುತ್ತದೆ.

ಇನ್‌ಸ್ಟಾಲ್ ಮುಗಿದ ಮೇಲೆ ತೆರೆದಿರುವ ಕಮಾಂಡ್ ಪ್ರಾಂಪ್ಟ್ ಮುಚ್ಚಿ, ಹೊಸದು ತೆರೆಯಿರಿ. ಇದನ್ನು ಮರೆಯುವವರೇ ಜಾಸ್ತಿ. ಕಮಾಂಡ್ ಪ್ರಾಂಪ್ಟ್ ತಾನು ಶುರುವಾದಾಗ ಪಾತ್ ಏನಿತ್ತೋ ಅದನ್ನೇ ಹಿಡಿದುಕೊಂಡು ಕೂತಿರುತ್ತದೆ. ಆಮೇಲೆ ನೀವು ಮಾಡಿದ ಬದಲಾವಣೆ ಅದಕ್ಕೆ ಗೊತ್ತಾಗುವುದಿಲ್ಲ. ಐಡಿಇ ತೆರೆದಿದ್ದರೆ ಅದಕ್ಕೂ ಇದೇ ಮಾತು.

ಹೊಸ ಕಿಟಕಿಯಲ್ಲಿ ನಾಲ್ಕು ಕಮಾಂಡ್ ಕೊಡಿ:

ಜಾವಾ -ವರ್ಷನ್

ಜಾವಾಸಿ -ವರ್ಷನ್

ವೇರ್ ಜಾವಾ

ಎಕೋ %ಜಾವಾ_ಹೋಮ್%

ಕೊನೆಯದರಲ್ಲಿ ಜಾವಾ_ಹೋಮ್ ಅನ್ನುವುದು ದೊಡ್ಡಕ್ಷರ, ನಡುವೆ ಅಂಡರ್‌ಸ್ಕೋರ್. ಮೊದಲ ಕಮಾಂಡಿಗೆ ಮೂರು ಸಾಲು ಬರುತ್ತವೆ. ಮೊದಲ ಸಾಲಿನಲ್ಲಿ 21 ಇರಬೇಕು, ಎರಡು ಮತ್ತು ಮೂರನೇ ಸಾಲಿನಲ್ಲಿ ಟೆಮುರಿನ್ ಹೆಸರು ಇರಬೇಕು. ಜಾವಾಸಿಯೂ 21 ಅನ್ನಬೇಕು. ವೇರ್ ಜಾವಾದ ಮೇಲಿನ ಸಾಲು ಮತ್ತು ಜಾವಾ ಹೋಮ್ ಎರಡೂ 'ಎಕ್ಲಿಪ್ಸ್ ಅಡಾಪ್ಟಿಯಂ' ಒಳಗಿನ ಒಂದೇ ಫೋಲ್ಡರ್ ತೋರಿಸಬೇಕು. ನಾಲ್ಕೂ ಒಂದೇ ಮಾತು ಹೇಳಿದರೆ ಮುಂದಿನ ಭಾಗ ಬಿಟ್ಟು, ಮೊದಲ ಪ್ರೋಗ್ರಾಂಗೆ ಹೋಗಿ.

ಪಾತ್ ಕೈಯಾರೆ ಸರಿಮಾಡುವುದು

ನಾಲ್ಕು ಉತ್ತರಗಳು ಹೊಂದಲಿಲ್ಲ ಅಂದರೆ ಈ ಕೆಲಸ. ಹೆದರಬೇಕಾಗಿಲ್ಲ. ಪಾತ್ ಅಂದರೆ ಫೋಲ್ಡರ್‌ಗಳ ಒಂದು ಪಟ್ಟಿ, ಅಷ್ಟೇ. ನೀವು 'ಜಾವಾ' ಅಂದ ಕೂಡಲೇ ವಿಂಡೋಸ್ ಆ ಪಟ್ಟಿಯನ್ನು ಮೇಲಿನಿಂದ ಕೆಳಕ್ಕೆ ಹುಡುಕುತ್ತದೆ. ಮೊದಲು ಸಿಕ್ಕ ಜಾವಾವನ್ನು ಓಡಿಸುತ್ತದೆ. ಕೆಳಗೆ ಇನ್ನೂ ಒಳ್ಳೆಯದು ಇದೆಯಾ ಅಂತ ನೋಡುವುದಿಲ್ಲ.

ಸ್ಟಾರ್ಟ್ ಒತ್ತಿ ಎನ್ವಿರಾನ್ಮೆಂಟ್ ಅಂತ ಟೈಪ್ ಮಾಡಿ. 'ಎಡಿಟ್ ದಿ ಸಿಸ್ಟಮ್ ಎನ್ವಿರಾನ್ಮೆಂಟ್ ವೇರಿಯಬಲ್ಸ್' ಬರುತ್ತದೆ. ತೆರೆದು, ಕೆಳಗಿರುವ 'ಎನ್ವಿರಾನ್ಮೆಂಟ್ ವೇರಿಯಬಲ್ಸ್' ಬಟನ್ ಒತ್ತಿ. ಎರಡು ಪೆಟ್ಟಿಗೆ ಕಾಣುತ್ತವೆ. ಮೇಲಿನದು ನಿಮ್ಮ ಅಕೌಂಟಿಗೆ ಮಾತ್ರ, ಕೆಳಗಿನದು ಇಡೀ ಸಿಸ್ಟಮ್‌ಗೆ. ಕೆಳಗಿನದರಲ್ಲಿ ಕೆಲಸ ಮಾಡಿ. ಹುಡುಕುವಾಗ ಸಿಸ್ಟಮ್ ಪಾತ್ ಮೊದಲು ಬರುತ್ತದೆ, ನಿಮ್ಮ ಅಕೌಂಟಿನ ಪಾತ್ ಅದರ ಹಿಂದೆ. ಮೇಲಿನ ಪೆಟ್ಟಿಗೆಯಲ್ಲಿ ಎಷ್ಟು ಬದಲಿಸಿದರೂ ಫಲ ಕಾಣದಿದ್ದರೆ ಕಾರಣ ಇದೇ.

ಜಾವಾ_ಹೋಮ್ ಇಲ್ಲದಿದ್ದರೆ ನ್ಯೂ ಒತ್ತಿ ಸೇರಿಸಿ. ಅದರ ವ್ಯಾಲ್ಯೂ ಆಗಿ ಜೆಡಿಕೆ ಫೋಲ್ಡರ್‌ನ ದಾರಿ ಕೊಡಿ, ಅದರೊಳಗಿನ ಬಿನ್ ಫೋಲ್ಡರ್ ಬೇಡ. 'ಜೆಡಿಕೆ-21' ಅಂತ ಶುರುವಾಗುವ ಫೋಲ್ಡರ್‌ಗೇ ನಿಲ್ಲಿಸಿ. ಇಲ್ಲಿ ಬಿನ್ ಸೇರಿಸಿಬಿಟ್ಟರೆ ಮಾವೆನ್ ಆಮೇಲೆ ಜಾವಾ ಹೋಮ್ ಸರಿಯಿಲ್ಲ ಅಂತ ದೂರುತ್ತದೆ.

ಆಮೇಲೆ ಅದೇ ಪೆಟ್ಟಿಗೆಯಲ್ಲಿ ಪಾತ್ ಮೇಲೆ ಡಬಲ್ ಕ್ಲಿಕ್ ಮಾಡಿ. ನ್ಯೂ ಒತ್ತಿ ಇದನ್ನು ಹಾಕಿ:

%ಜಾವಾ_ಹೋಮ್%\ಬಿನ್

ಅದನ್ನು ಆರಿಸಿಕೊಂಡು 'ಮೂವ್ ಅಪ್' ಒತ್ತುತ್ತಾ ಪಟ್ಟಿಯ ತುದಿಗೆ ತನ್ನಿ. ಆ ಒರಾಕಲ್ ಜಾವಾಪಾತ್ ಸಾಲು ಇದರ ಕೆಳಗೆ ಬಂದರೆ ಸಾಕು. ತಂಗಿಯ ಲ್ಯಾಪ್‌ಟಾಪ್ ಸರಿಹೋದದ್ದು ಈ ಹಂತದಲ್ಲೇ. ಎಲ್ಲ ಕಿಟಕಿಗಳಿಗೂ ಓಕೆ ಕೊಟ್ಟು, ಹೊಸ ಕಮಾಂಡ್ ಪ್ರಾಂಪ್ಟ್ ತೆರೆದು, ಆ ನಾಲ್ಕು ಕಮಾಂಡ್ ಮತ್ತೆ ಕೊಡಿ.

ಸೆಟ್‌ಎಕ್ಸ್ ಕಮಾಂಡಿನಿಂದ ಪಾತ್ ಬದಲಿಸಿ ಅಂತ ಯಾರಾದರೂ ಹೇಳಿದರೆ ದಯವಿಟ್ಟು ಬೇಡ. ಅದು 1024 ಅಕ್ಷರಕ್ಕಿಂತ ಉದ್ದ ಇರುವುದನ್ನು ಕತ್ತರಿಸಿ ಬಿಡುತ್ತದೆ. ಪಾತ್ ಉದ್ದವಾಗಿದ್ದರೆ ಬಾಲ ಕತ್ತರಿಸಿ ಹೋಗುತ್ತದೆ. ಪೈಥಾನ್, ಗಿಟ್ ಇಂಥವೆಲ್ಲ ಮರುದಿನ ಕಾಣೆಯಾದಾಗಷ್ಟೇ ಅದು ಗೊತ್ತಾಗುವುದು.

ಹಾಗೆಯೇ, ಹಳೆಯ ಟ್ಯುಟೋರಿಯಲ್‌ಗಳಲ್ಲಿ ಕ್ಲಾಸ್‌ಪಾತ್ ಅನ್ನುವ ವೇರಿಯಬಲ್ ಕೂಡ ಹಾಕಿ ಅಂತ ಇರುತ್ತದೆ. ಹಾಕಬೇಡಿ. ಇದ್ದರೆ ತೆಗೆಯಿರಿ. ಅದು ಇದ್ದಾಗ ಜಾವಾ ನೀವು ನಿಂತ ಫೋಲ್ಡರ್ ಬಿಟ್ಟು ಅದು ಹೇಳಿದ ಕಡೆ ಮಾತ್ರ ಹುಡುಕುತ್ತದೆ. ಕಣ್ಣೆದುರೇ ಇರುವ ಕ್ಲಾಸ್ ಸಿಗುತ್ತಿಲ್ಲ ಅನ್ನುತ್ತದೆ.

ಲಿನಕ್ಸ್, ಮ್ಯಾಕ್‌ನವರಿಗೆ

ಉಬುಂಟುನಲ್ಲಿ ಕೆಲಸ ಚಿಕ್ಕದು. ಮೊದಲು 'ಸುಡೋ ಎಪಿಟಿ ಅಪ್‌ಡೇಟ್', ಆಮೇಲೆ 'ಸುಡೋ ಎಪಿಟಿ ಇನ್‌ಸ್ಟಾಲ್ ಓಪನ್‌ಜೆಡಿಕೆ-21-ಜೆಡಿಕೆ'. ಕೊನೆಯ ಪದ ಗಮನಿಸಿ. ಅಲ್ಲಿ ಜೆಆರ್‌ಇ ಅಂತ ಕೊಟ್ಟರೆ ಕಂಪೈಲರ್ ಬರುವುದಿಲ್ಲ. ಒಂದಕ್ಕಿಂತ ಹೆಚ್ಚು ಜಾವಾ ಇದ್ದರೆ 'ಸುಡೋ ಅಪ್‌ಡೇಟ್-ಆಲ್ಟರ್ನೇಟಿವ್ಸ್ --ಕಾನ್ಫಿಗ್ ಜಾವಾ' ಕೊಡಿ. ನಂಬರ್ ಹಾಕಿದ ಪಟ್ಟಿ ಬರುತ್ತದೆ, ಬೇಕಾದ ನಂಬರ್ ಒತ್ತಿ. ಜಾವಾಸಿಗೂ ಇದನ್ನೇ ಇನ್ನೊಮ್ಮೆ ಮಾಡಿ. ಎರಡೂ ಬೇರೆ ಬೇರೆ ಲೆಕ್ಕ.

ಮ್ಯಾಕ್‌ನಲ್ಲಿ ಟೆಮುರಿನ್‌ನ ಪಿಕೆಜಿ ಫೈಲ್ ಇಳಿಸಿಕೊಂಡು ಹಾಕುವುದೇ ಸುಲಭ. ಎಂ1 ಅಥವಾ ಅದರ ಮುಂದಿನ ಚಿಪ್ ಇದ್ದರೆ ಎಎಆರ್ಚ್64, ಹಳೆಯ ಇಂಟೆಲ್ ಮ್ಯಾಕ್ ಆದರೆ ಎಕ್ಸ್64. ಮ್ಯಾಕ್‌ನಲ್ಲಿ ಯಾವ ಯಾವ ಜಾವಾ ಇವೆ ಅಂತ ನೋಡಲು ಈ ಕಮಾಂಡ್:

/ಯುಎಸ್ಆರ್/ಲಿಬ್‌ಎಕ್ಸೆಕ್/ಜಾವಾ_ಹೋಮ್ -ವಿ

ಇಲ್ಲಿ ಜಾವಾ_ಹೋಮ್ ಸಣ್ಣಕ್ಷರ, ಕೊನೆಯ ವಿ ದೊಡ್ಡಕ್ಷರ. ವೇರ್ ಬದಲು ಲಿನಕ್ಸ್, ಮ್ಯಾಕ್ ಎರಡರಲ್ಲೂ 'ವಿಚ್ ಜಾವಾ' ಬಳಸಿ.

ಮೊದಲ ಪ್ರೋಗ್ರಾಂ, ಐಡಿಇ ಇಲ್ಲದೆ

ಐಡಿಇ ಹಾಕುವ ಮೊದಲು ಒಂದೇ ಒಂದು ಪ್ರೋಗ್ರಾಂ ನೋಟ್‌ಪ್ಯಾಡ್‌ನಲ್ಲಿ ಬರೆದು ಓಡಿಸಿ. ಹಳೆಯ ಕಾಲದ ಹಟ ಅಂತ ಅಂದುಕೊಳ್ಳಬೇಡಿ. ಐಡಿಇಯಲ್ಲಿ ಹಸಿರು ಬಟನ್ ಒತ್ತಿದಾಗ ಒಳಗೆ ಏನಾಗುತ್ತದೆ ಅಂತ ಒಮ್ಮೆ ಕಣ್ಣಾರೆ ನೋಡಿದರೆ, ಎರರ್ ಬಂದಾಗ ಎಲ್ಲಿ ಹುಡುಕಬೇಕು ಅಂತ ಗೊತ್ತಾಗುತ್ತದೆ.

ಸಿ ಡ್ರೈವ್‌ನಲ್ಲಿ 'ಕೋಡ್' ಅಂತ ಒಂದು ಫೋಲ್ಡರ್ ಮಾಡಿ. ಡೆಸ್ಕ್‌ಟಾಪ್ ಬೇಡ. ಬಹಳ ಲ್ಯಾಪ್‌ಟಾಪ್‌ಗಳಲ್ಲಿ ಡೆಸ್ಕ್‌ಟಾಪ್ ಒನ್‌ಡ್ರೈವ್ ಒಳಗೆ ಇರುತ್ತದೆ. ನೀವು ಕಂಪೈಲ್ ಮಾಡಿದ ಫೈಲ್‌ಗಳನ್ನೆಲ್ಲ ಅದು ಮೇಲಕ್ಕೆ ಕಳಿಸುತ್ತಾ ಕೂರುತ್ತದೆ.

ಫೈಲ್ ಎಕ್ಸ್‌ಪ್ಲೋರರ್‌ನ ವ್ಯೂ ಮೆನುವಿನಲ್ಲಿ 'ಫೈಲ್ ನೇಮ್ ಎಕ್ಸ್‌ಟೆನ್ಶನ್ಸ್' ಆನ್ ಮಾಡಿ. ಇಲ್ಲದಿದ್ದರೆ ನೋಟ್‌ಪ್ಯಾಡ್ ನಿಮ್ಮ ಫೈಲನ್ನು ಹಲೋ.ಜಾವಾ.ಟಿಎಕ್ಸ್‌ಟಿ ಅಂತ ಉಳಿಸಿರುತ್ತದೆ, ನಿಮಗೆ ಹಲೋ.ಜಾವಾ ಅಂತ ಕಾಣುತ್ತಿರುತ್ತದೆ. ಜಾವಾಸಿ ಫೈಲ್ ಸಿಗಲಿಲ್ಲ ಅನ್ನುತ್ತದೆ. ಉಳಿಸುವಾಗ 'ಸೇವ್ ಆ್ಯಸ್ ಟೈಪ್' ಕಡೆ 'ಆಲ್ ಫೈಲ್ಸ್' ಆರಿಸಿದರೆ ಈ ರಗಳೆ ಇಲ್ಲ.

ನಿಮ್ಮ ಪುಸ್ತಕದ ಮೊದಲ ಪುಟದಲ್ಲಿರುವ ಪ್ರೋಗ್ರಾಂ ಸಾಕು: ಹಲೋ ಅನ್ನುವ ಪಬ್ಲಿಕ್ ಕ್ಲಾಸ್, ಒಳಗೆ ಮೇನ್ ಮೆಥಡ್, ಅದರೊಳಗೆ ಒಂದು ಸಾಲು ಪ್ರಿಂಟ್ ಮಾಡುವುದು. ಕ್ಲಾಸಿನ ಹೆಸರು ಮತ್ತು ಫೈಲಿನ ಹೆಸರು ಒಂದೇ ಇರಬೇಕು, ದೊಡ್ಡಕ್ಷರ ಸಣ್ಣಕ್ಷರ ಸಮೇತ. ಕ್ಲಾಸ್ ಹೆಸರಿನ ಮೊದಲ ಅಕ್ಷರ ದೊಡ್ಡದಾಗಿ ಬರೆಯುವುದು ರೂಢಿ, ಹಾಗಾಗಿ ಫೈಲಿನದೂ ದೊಡ್ಡದು.

ಇದನ್ನು ಕೈಯಲ್ಲೇ ಟೈಪ್ ಮಾಡಿ. ವಾಟ್ಸ್‌ಆ್ಯಪ್‌ನಲ್ಲಿ ಬಂದ ಕೋಡ್, ವರ್ಡ್ ಫೈಲಿನ ಲ್ಯಾಬ್ ಮ್ಯಾನ್ಯುಯಲ್ ಇವುಗಳಿಂದ ಕಾಪಿ ಮಾಡಬೇಡಿ. ವರ್ಡ್ ನೇರ ಉದ್ಧರಣ ಚಿಹ್ನೆಯನ್ನು ಬಾಗಿದ ಚಿಹ್ನೆಯಾಗಿ ಬದಲಿಸಿರುತ್ತದೆ. ನಮ್ಮ ಕಣ್ಣಿಗೆ ಎರಡೂ ಒಂದೇ. ಜಾವಾಸಿಗೆ ಅಲ್ಲ. 'ಇಲ್ಲೀಗಲ್ ಕ್ಯಾರೆಕ್ಟರ್' ಅನ್ನುತ್ತದೆ, ಪಕ್ಕದಲ್ಲಿ 201ಸಿ ಅನ್ನುವ ಸಂಕೇತ ತೋರಿಸುತ್ತದೆ. ಅದು ಬಾಗಿದ ಉದ್ಧರಣ ಚಿಹ್ನೆಯ ಯುನಿಕೋಡ್ ನಂಬರು. ಆ ನಂಬರು ಕಂಡರೆ ಕೋಡ್‌ನಲ್ಲಿ ತಪ್ಪು ಹುಡುಕಬೇಡಿ. ಚಿಹ್ನೆ ಅಳಿಸಿ, ಕೀಬೋರ್ಡಿನಿಂದ ಮತ್ತೆ ಹಾಕಿ.

ಈಗ ಕಮಾಂಡ್ ಪ್ರಾಂಪ್ಟ್‌ನಲ್ಲಿ 'ಸಿಡಿ ಸಿ:\ಕೋಡ್' ಅಂತ ಆ ಫೋಲ್ಡರ್‌ಗೆ ಹೋಗಿ, ಈ ಎರಡು:

ಜಾವಾಸಿ ಹಲೋ.ಜಾವಾ

ಜಾವಾ ಹಲೋ

ಮೊದಲನೆಯದು ಏನೂ ಹೇಳದೆ ಮುಗಿದರೆ ಖುಷಿಪಡಿ, ಗೆದ್ದಿರಿ ಅಂತ ಅರ್ಥ. ಫೋಲ್ಡರ್‌ನಲ್ಲಿ ಹಲೋ.ಕ್ಲಾಸ್ ಅನ್ನುವ ಹೊಸ ಫೈಲ್ ಬಂದಿರುತ್ತದೆ. ಅದರಲ್ಲಿರುವುದು ಬೈಟ್‌ಕೋಡ್, ಜೆವಿಎಂ ಓದುವ ಭಾಷೆ. ಎರಡನೆಯದಕ್ಕೆ ಬಾಲ ಬೇಡ. 'ಜಾವಾ ಹಲೋ.ಕ್ಲಾಸ್' ಅಂದರೆ ಮೇನ್ ಕ್ಲಾಸ್ ಸಿಗಲಿಲ್ಲ ಅನ್ನುತ್ತದೆ. ಜಾವಾ ಕೇಳುವುದು ಕ್ಲಾಸಿನ ಹೆಸರು, ಫೈಲಿನದಲ್ಲ.

ಜಾವಾ 11ರಿಂದ ಈಚೆಗೆ 'ಜಾವಾ ಹಲೋ.ಜಾವಾ' ಅಂತ ನೇರವಾಗಿಯೂ ಓಡಿಸಬಹುದು. ಕಂಪೈಲ್ ಒಳಗೊಳಗೇ ಆಗಿಬಿಡುತ್ತದೆ. ಸಣ್ಣ ಪ್ರಯೋಗಕ್ಕೆ ಚೆನ್ನಾಗಿದೆ. ಇನ್ನೂ ಚಿಕ್ಕದಕ್ಕೆ ಜೆಶೆಲ್ ಇದೆ. ಹಾಗಂತ ಟೈಪ್ ಮಾಡಿ ಎಂಟರ್ ಒತ್ತಿ. ಒಂದೊಂದು ಸಾಲು ಬರೆದ ಕೂಡಲೇ ಉತ್ತರ ಬರುತ್ತದೆ. ಹೊರಬರಲು '/ಎಕ್ಸಿಟ್'.

ಒಂದು ಎರರ್ ಬಗ್ಗೆ ಇಲ್ಲೇ ಹೇಳಿಬಿಡುತ್ತೇನೆ. 'ಅನ್‌ಸಪೋರ್ಟೆಡ್ ಕ್ಲಾಸ್ ವರ್ಷನ್ ಎರರ್' ಅಂತ ಬರುತ್ತದೆ, ಜೊತೆಗೆ 65, 52 ಇಂಥ ನಂಬರುಗಳು. ಆ ನಂಬರಿನಿಂದ 44 ಕಳೆಯಿರಿ, ಜಾವಾ ವರ್ಷನ್ ಸಿಗುತ್ತದೆ. 65 ಅಂದರೆ 21, 61 ಅಂದರೆ 17, 52 ಅಂದರೆ 8. ಅಂದರೆ ಕಂಪೈಲ್ ಮಾಡಿದ್ದು ಹೊಸ ಜಾವಾ, ಓಡಿಸಲು ಓಗೊಟ್ಟದ್ದು ಹಳೆಯದು. ವೇರ್ ಜಾವಾ, ವೇರ್ ಜಾವಾಸಿ ಎರಡನ್ನೂ ಕೊಟ್ಟು ನೋಡಿ. ದಾರಿ ಬೇರೆ ಬೇರೆ ಇರುತ್ತದೆ.

ಐಡಿಇ

ಶಾಲೆಯ ಮಕ್ಕಳಿಗೆ ಬ್ಲೂಜೆ ಸಾಕು. ಐಸಿಎಸ್‌ಇ ಶಾಲೆಗಳಲ್ಲಿ ಬಹಳ ಕಡೆ ಅದನ್ನೇ ಕಲಿಸುತ್ತಾರೆ. ಕಾಲೇಜಿನವರಿಗೆ, ಕೆಲಸ ಹುಡುಕುವವರಿಗೆ ನನ್ನ ಆಯ್ಕೆ ಇಂಟೆಲಿಜೆ ಐಡಿಯಾ. ಅದರ ಉಚಿತ ಭಾಗವೇ ಕಲಿಕೆಗೆ ಧಾರಾಳ. ಲ್ಯಾಪ್‌ಟಾಪ್‌ನಲ್ಲಿ 8 ಜಿಬಿ ರ್‍ಯಾಮ್ ಇದ್ದರೆ ನಡೆಯುತ್ತದೆ, ಕ್ರೋಮ್‌ನಲ್ಲಿ ಇಪ್ಪತ್ತು ಟ್ಯಾಬ್ ಇಟ್ಟುಕೊಳ್ಳದಿದ್ದರೆ. 4 ಜಿಬಿ ಇದ್ದರೆ ವಿಎಸ್ ಕೋಡ್ ಹಾಕಿ, ಅದರೊಳಗೆ 'ಎಕ್ಸ್‌ಟೆನ್ಶನ್ ಪ್ಯಾಕ್ ಫಾರ್ ಜಾವಾ' ಸೇರಿಸಿ. ಕಾಲೇಜಿನಲ್ಲಿ ಎಕ್ಲಿಪ್ಸ್ ಬಳಸುತ್ತಿದ್ದರೆ ಅದೇ ಇರಲಿ, ಪರೀಕ್ಷೆಯ ದಿನ ಕೈ ತಡವರಿಸುವುದಿಲ್ಲ.

ಇಂಟೆಲಿಜೆ ಮೊದಲ ಬಾರಿ ತೆರೆದಾಗ ಕೆಳಗಡೆ ಇಂಡೆಕ್ಸಿಂಗ್ ಅಂತ ಓಡುತ್ತಿರುತ್ತದೆ. ಜೆಡಿಕೆಯ ಎಲ್ಲ ಕ್ಲಾಸ್‌ಗಳನ್ನು ಓದಿಕೊಳ್ಳುತ್ತಿರುತ್ತದೆ. ಮುಗಿಯುವ ತನಕ ಕಾಯಿರಿ. ಆ ಹೊತ್ತಿನಲ್ಲಿ ಕೋಡ್ ಪೂರ್ತಿ ಕೆಂಪಾಗಿ ಕಂಡರೂ ಗಾಬರಿ ಬೇಡ.

ಹೊಸ ಪ್ರಾಜೆಕ್ಟ್ ಮಾಡುವಾಗ ಜೆಡಿಕೆ ಅನ್ನುವ ಪಟ್ಟಿ ಇರುತ್ತದೆ. ನೀವು ಹಾಕಿದ ಟೆಮುರಿನ್ 21 ಅಲ್ಲಿ ಕಾಣಬೇಕು, ಅದನ್ನೇ ಆರಿಸಿ. 'ಡೌನ್‌ಲೋಡ್ ಜೆಡಿಕೆ' ಅನ್ನುವುದೂ ಅಲ್ಲೇ ಇರುತ್ತದೆ. ಒತ್ತಿದರೆ ಇನ್ನೊಂದು ಜಾವಾ ಇಳಿಯುತ್ತದೆ. ಅದು ನಿಮ್ಮ ಯೂಸರ್ ಫೋಲ್ಡರ್‌ನ '.ಜೆಡಿಕೆಎಸ್' ಒಳಗೆ ಹೋಗಿ ಕೂರುತ್ತದೆ. ಟರ್ಮಿನಲ್‌ಗೆ ಅದರ ಸುಳಿವೇ ಇರುವುದಿಲ್ಲ. ಐಡಿಇಯಲ್ಲಿ ಓಡುತ್ತೆ, ಹೊರಗೆ ಓಡಲ್ಲ ಅನ್ನುವ ದೂರಿಗೆ ಮೂಲ ಬಹುಪಾಲು ಇಲ್ಲೇ.

ಆಮೇಲೆ ಬದಲಿಸಬೇಕಾದರೆ ಫೈಲ್ ಮೆನುವಿನ 'ಪ್ರಾಜೆಕ್ಟ್ ಸ್ಟ್ರಕ್ಚರ್' ನೋಡಿ. ಎಸ್‌ಡಿಕೆ (ಜೆಡಿಕೆಯನ್ನೇ ಅಲ್ಲಿ ಹಾಗೆ ಕರೆಯುತ್ತಾರೆ), ಲ್ಯಾಂಗ್ವೇಜ್ ಲೆವೆಲ್ ಎರಡೂ 21 ಇರಲಿ. ಎಕ್ಲಿಪ್ಸ್‌ನಲ್ಲಿ ಪ್ರಿಫರೆನ್ಸಸ್ ಒಳಗೆ ಜಾವಾ, ಅದರಲ್ಲಿ 'ಇನ್‌ಸ್ಟಾಲ್ಡ್ ಜೆಆರ್‌ಇಸ್'. ವಿಎಸ್ ಕೋಡ್‌ನಲ್ಲಿ ಕಂಟ್ರೋಲ್, ಶಿಫ್ಟ್, ಪಿ ಒಟ್ಟಿಗೆ ಒತ್ತಿ 'ಕಾನ್ಫಿಗರ್ ಜಾವಾ ರನ್‌ಟೈಮ್' ಹುಡುಕಿ. ಈ ಐಡಿಇಗಳು ತಾವು ಓಡಲು ಅಂತ ಒಂದು ಜಾವಾವನ್ನು ಹೊಟ್ಟೆಯೊಳಗೇ ಇಟ್ಟುಕೊಂಡಿರುತ್ತವೆ. ಹಾಗಾಗಿ ಐಡಿಇ ತೆರೆಯಿತು ಅಂದ ಮಾತ್ರಕ್ಕೆ ನಿಮ್ಮ ಜಾವಾ ಸರಿಯಾಗಿದೆ ಅಂತ ಅಲ್ಲ.

ಮಾವೆನ್

ಬೇರೆಯವರು ಬರೆದ ಲೈಬ್ರರಿ ಬೇಕಾದ ದಿನ ಮಾವೆನ್ ಬೇಕಾಗುತ್ತದೆ. ಪಾಮ್ ಫೈಲಿನಲ್ಲಿ (ಪ್ರಾಜೆಕ್ಟಿಗೆ ಏನೇನು ಬೇಕು ಅಂತ ಬರೆದಿಡುವ ಫೈಲು) ಲೈಬ್ರರಿಯ ಹೆಸರು, ವರ್ಷನ್ ಬರೆದರೆ ಅದೇ ಇಳಿಸಿಕೊಂಡು ಬರುತ್ತದೆ, ಆ ಲೈಬ್ರರಿಗೆ ಬೇಕಾದ ಬೇರೆ ಲೈಬ್ರರಿಗಳನ್ನೂ ಸೇರಿಸಿ. ಎಲ್ಲ ನಿಮ್ಮ ಯೂಸರ್ ಫೋಲ್ಡರ್‌ನ '.ಎಂ2' ಒಳಗೆ ಸೇರುತ್ತವೆ. ಮೊದಲ ಸಲ ಇಂಟರ್‌ನೆಟ್ ಜಾಸ್ತಿ ಬೇಕು. ಮೊಬೈಲ್ ಹಾಟ್‌ಸ್ಪಾಟ್‌ನಲ್ಲಿ ಇರುವವರು ಡೇಟಾ ನೋಡಿಕೊಂಡು ಶುರುಮಾಡಿ.

ಅಪಾಚೆ ಮಾವೆನ್ ತಾಣದಿಂದ ಬೈನರಿ ಜಿಪ್ ಇಳಿಸಿ, ಸಿ ಡ್ರೈವ್‌ನಲ್ಲಿ ಬಿಚ್ಚಿ, ಅದರ ಬಿನ್ ಫೋಲ್ಡರನ್ನು ಪಾತ್‌ಗೆ ಸೇರಿಸಿ. ಜಾವಾಗೆ ಮಾಡಿದ ಹಾಗೆಯೇ. ಹೊಸ ಕಮಾಂಡ್ ಪ್ರಾಂಪ್ಟ್ ತೆರೆದು 'ಎಂವಿಎನ್ -ವಿ' ಕೊಡಿ. ಬರುವ ಉತ್ತರದಲ್ಲಿ 'ಜಾವಾ ವರ್ಷನ್' ಅಂತ ಒಂದು ಸಾಲು ಇರುತ್ತದೆ. ಅದನ್ನು ಓದಿ.

ಯಾಕೆ ಅಂತ ಹೇಳುತ್ತೇನೆ. ನನ್ನ ಮೊದಲ ಕೆಲಸದಲ್ಲಿ ಅರ್ಧ ದಿನ ಇದರಲ್ಲೇ ಕಳೆದಿದ್ದೇನೆ. ಜಾವಾ -ವರ್ಷನ್ ಕೊಟ್ಟರೆ ಹೊಸ ಜಾವಾ, ಮಾವೆನ್ ಓಡಿಸಿದರೆ 'ಆ ರಿಲೀಸ್ ವರ್ಷನ್ ಬೆಂಬಲಿಸುವುದಿಲ್ಲ' ಅನ್ನುವ ಎರರ್. ಮೂರು ಸಲ ಜೆಡಿಕೆ ತೆಗೆದು ಹಾಕಿದೆ. ಪಕ್ಕದ ಸೀಟಿನ ಹಿರಿಯರೊಬ್ಬರು ಬಂದು ಎಂವಿಎನ್ -ವಿ ಕೊಡಲು ಹೇಳಿದರು. ಹಳೆಯ ಜಾವಾದ ಹೆಸರು ಬಂತು. ಮಾವೆನ್ ಪಾತ್ ನೋಡುವ ಮೊದಲು ಜಾವಾ_ಹೋಮ್ ನೋಡುತ್ತದೆ. ಯಾರೋ ಹಿಂದೆ ಆ ಕಂಪ್ಯೂಟರ್ ಬಳಸಿದವರು ಅದನ್ನು ಹಳೆಯ ಫೋಲ್ಡರ್‌ಗೆ ಕೊಟ್ಟಿದ್ದರು. ಟೆಮುರಿನ್ ಹಾಕುವಾಗ ಆ ಕೆಂಪು ಕ್ರಾಸ್ ತೆಗೆಯಿರಿ ಅಂತ ಒತ್ತಿ ಹೇಳಿದ್ದು ಇದಕ್ಕೇ.

ಪಾಮ್ ಫೈಲಿನಲ್ಲಿ 'ಮಾವೆನ್.ಕಂಪೈಲರ್.ರಿಲೀಸ್' ಅನ್ನುವ ಪ್ರಾಪರ್ಟಿಗೆ 21 ಅಂತ ಕೊಡುವುದನ್ನು ಮರೆಯಬೇಡಿ. ಇದೇ ಪ್ರಾಜೆಕ್ಟನ್ನು ಗೆಳೆಯರಿಗೆ ಕಳಿಸಿದಾಗ ಯಾವ ಜಾವಾ ಬೇಕು ಅನ್ನುವುದು ಅದರ ಜೊತೆಗೇ ಹೋಗುತ್ತದೆ.

ಕನ್ನಡ ಪ್ರಿಂಟ್ ಆಗಬೇಕಲ್ಲ

ಸೆಟಪ್ ಮುಗಿದ ಮೇಲೆ ನಾನು ಎಲ್ಲರ ಹತ್ತಿರವೂ ಮಾಡಿಸುವ ಪ್ರಯೋಗ ಇದು. ಹಲೋ ತೆಗೆದು 'ನಮಸ್ಕಾರ' ಅಂತ ಕನ್ನಡದಲ್ಲಿ ಬರೆದು ಓಡಿಸಿ.

ಕಮಾಂಡ್ ಪ್ರಾಂಪ್ಟ್‌ನಲ್ಲಿ ಎರಡು ಥರ ಕೆಡಬಹುದು. ಚೌಕದ ಡಬ್ಬಿಗಳು ಬಂದರೆ ಅಕ್ಷರ ಸರಿಯಾಗಿಯೇ ತಲುಪಿದೆ, ತೋರಿಸಲು ಫಾಂಟ್ ಇಲ್ಲ ಅಷ್ಟೇ. ಪ್ರಶ್ನಾರ್ಥಕ ಚಿಹ್ನೆಗಳು ಬಂದರೆ ಅಕ್ಷರವೇ ದಾರಿಯಲ್ಲಿ ಕಳೆದುಹೋಗಿದೆ. ಎನ್‌ಕೋಡಿಂಗ್, ಅಂದರೆ ಅಕ್ಷರಗಳನ್ನು ನಂಬರುಗಳಾಗಿ ಉಳಿಸುವ ರೀತಿ, ತಪ್ಪಿದೆ. ಅದಕ್ಕೆ ಮೊದಲು 'ಸಿಎಚ್‌ಸಿಪಿ 65001' ಕೊಡಿ. ಇದರಿಂದ ಆ ಕಿಟಕಿ ಎಲ್ಲ ಭಾಷೆಯ ಅಕ್ಷರಗಳನ್ನೂ ಹಿಡಿಯುವ ಯುಟಿಎಫ್-8 ಎನ್‌ಕೋಡಿಂಗ್‌ಗೆ ಬದಲಾಗುತ್ತದೆ. ಆಮೇಲೆ ಮತ್ತೆ ಓಡಿಸಿ. ವಿಂಡೋಸ್ ಟರ್ಮಿನಲ್‌ನಲ್ಲಿ ಇನ್ನೂ ಚೆನ್ನಾಗಿ ಬರುತ್ತದೆ, ಆದರೆ ಒತ್ತಕ್ಷರಗಳು ಬಿಡಿಬಿಡಿಯಾಗಿ ಕಾಣಬಹುದು. ಇಂಟೆಲಿಜೆಯ ಕನ್ಸೋಲ್‌ನಲ್ಲಿ ಈ ತಾಪತ್ರಯ ಕಡಿಮೆ.

ಜಾವಾ 18ರಿಂದ ಫೈಲ್ ಓದುವುದು, ಬರೆಯುವುದು ಎಲ್ಲ ಕಂಪ್ಯೂಟರ್‌ಗಳಲ್ಲೂ ಯುಟಿಎಫ್-8 ಆಗಿದೆ. 17 ಅಥವಾ ಅದಕ್ಕಿಂತ ಹಳೆಯದು ಬಳಸುವವರು ವಿಂಡೋಸ್‌ನಲ್ಲಿ ಕಂಪೈಲ್ ಮಾಡುವಾಗ 'ಜಾವಾಸಿ -ಎನ್‌ಕೋಡಿಂಗ್ ಯುಟಿಎಫ್-8 ಹಲೋ.ಜಾವಾ' ಅಂತ ಕೊಡಬೇಕು. ಕನ್ನಡದವರು 21 ಹಾಕಲು ಇದೂ ಒಂದು ಕಾರಣ.

ವೇರಿಯಬಲ್ ಹೆಸರನ್ನೂ ಕನ್ನಡದಲ್ಲಿ ಇಡಬಹುದು. ಅಂಕಗಳು, ಹೆಸರು, ಒಟ್ಟು ಇವೆಲ್ಲ ಜಾವಾಗೆ ಸಲೀಸು. ಮಕ್ಕಳಿಗೆ ಕಲಿಸುವಾಗ ನಾನು ಹಾಗೆಯೇ ಬರೆಸುತ್ತೇನೆ. ಜೆಶೆಲ್‌ನಲ್ಲಿ 'ಕನ್ನಡ' ಅನ್ನುವ ಸ್ಟ್ರಿಂಗಿನ ಲೆಂಗ್ತ್ ಕೇಳಿ ನೋಡಿ. ಮೂರು ಅಲ್ಲ, 5 ಅನ್ನುತ್ತದೆ. ಕ, ನ, ಅರ್ಧಾಕ್ಷರದ ಚಿಹ್ನೆ, ಮತ್ತೆ ನ, ಡ. ನಮ್ಮ ಒತ್ತಕ್ಷರ ಕಂಪ್ಯೂಟರ್ ಒಳಗೆ ಮೂರು ತುಂಡಾಗಿ ಕೂತಿರುತ್ತದೆ. ಹೆಸರಿನ ಉದ್ದ ಅಳೆಯುವ, ಪದವನ್ನು ತಿರುಗಿಸಿ ಬರೆಯುವ ಪ್ರೋಗ್ರಾಂಗಳನ್ನು ಕನ್ನಡಕ್ಕೆ ಬರೆಯುವಾಗ ಇದು ನೆನಪಿರಲಿ.

ಅಪ್‌ಡೇಟ್ ಬಂದಾಗ

ಜನವರಿ, ಏಪ್ರಿಲ್, ಜುಲೈ, ಅಕ್ಟೋಬರ್‌ನಲ್ಲಿ ಭದ್ರತೆಯ ಅಪ್‌ಡೇಟ್ ಬರುತ್ತದೆ. 21 ಬದಲಾಗುವುದಿಲ್ಲ, ಅದರ ಮುಂದಿನ ಸಣ್ಣ ನಂಬರ್ ಬದಲಾಗುತ್ತದೆ. ಹೊಸ ಎಂಎಸ್‌ಐ ಇಳಿಸಿ ಹಾಕಿದರೆ ಆಯಿತು. ಟೆಮುರಿನ್‌ನ ಫೋಲ್ಡರ್ ಹೆಸರಿನಲ್ಲಿ ಪೂರ್ತಿ ವರ್ಷನ್ ನಂಬರ್ ಇರುತ್ತದೆ. ಹಾಗಾಗಿ ಅಪ್‌ಡೇಟ್ ಆದಾಗ ಫೋಲ್ಡರ್ ಹೆಸರೂ ಬದಲಾಗುತ್ತದೆ. ಜಾವಾ_ಹೋಮ್ ಇನ್‌ಸ್ಟಾಲರ್ ಹಾಕಿದ್ದಾದರೆ, ಮತ್ತೆ ಅದೇ ಆಯ್ಕೆ ಆನ್ ಇಟ್ಟಾಗ ಅದೇ ಸರಿಮಾಡಿಕೊಳ್ಳುತ್ತದೆ. ಕೈಯಾರೆ ಹಾಕಿದವರು ಆ ದಾರಿಯನ್ನು ಹೊಸ ಹೆಸರಿಗೆ ತಿದ್ದಬೇಕು. ಐಡಿಇಯ ಪಟ್ಟಿಯಲ್ಲೂ ಹಳೆಯ ದಾರಿ ಕೆಂಪಾಗಿ ಉಳಿದಿರಬಹುದು, ಅದನ್ನು ತೆಗೆದು ಹೊಸದು ಸೇರಿಸಿ. ಆಮೇಲೆ ಹೊಸ ಕಮಾಂಡ್ ಪ್ರಾಂಪ್ಟ್‌ನಲ್ಲಿ ಆ ನಾಲ್ಕು ಕಮಾಂಡ್, ಜೊತೆಗೆ ಎಂವಿಎನ್ -ವಿ.